ಟ್ಯಾಂಕರ್ ನೀರು ಸಾಕು, ಇನ್ನು ಫ್ಯಾನ್ ತಿರುಗಿಸಿ ಅಂತ ಕೇಳೋಣ



ಈ ಸಲದ ಟಿಪ್ಪಣಿ ಬೀಜದ್ದಲ್ಲ, ಗೊಬ್ಬರದ್ದೂ ಅಲ್ಲ. ಧೂಳಿನದ್ದು. ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಓದಿ. ಬರೋ ತಿಂಗಳು ನಮ್ಮ ಮಗ್ಗುಲ ಗಣಿಯನ್ನೂ ಅದರ ಕ್ರಷಿಂಗ್ ಪ್ಲಾಂಟನ್ನೂ ದೊಡ್ಡದು ಮಾಡೋದಕ್ಕೆ ಸಾರ್ವಜನಿಕ ಅಹವಾಲು ಸಭೆ ಇದೆ. ಊರಲ್ಲಿ ಈಗಲೇ ಬೇಡಿಕೆ ಪಟ್ಟಿ ತಯಾರಾಗ್ತಿದೆ. ಗುಡಿ ಮುಂದೆ ಕೂತಾಗ ಕೇಳಿಸಿಕೊಂಡೆ: ರಸ್ತೆಗೆ ದಿನಕ್ಕೆ ಮೂರು ಸಲ ಟ್ಯಾಂಕರ್ ನೀರು, ಎಕರೆಗೆ ಇಷ್ಟು ಅಂತ ಪರಿಹಾರ, ಮನೆಗೊಂದು ಕೆಲಸ, ಶಾಲೆಗೆ ಎರಡು ಕೊಠಡಿ. ಎಲ್ಲಾ ಸರಿ. ಆದರೆ ನಮ್ಮ ಹೊಲಕ್ಕೆ ಬಂದು ಬೀಳೋ ಧೂಳು ಹುಟ್ಟೋ ಜಾಗದಲ್ಲೇ ಅದನ್ನ ಹಿಡೀಬೇಕು ಅನ್ನೋ ಮಾತು ಆ ಪಟ್ಟಿಯಲ್ಲಿ ಇಲ್ಲ. ಇರಬೇಕಾದ ಮೊದಲ ಮಾತೇ ಅದು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ನಮ್ಮ ಸಂಡೂರು ಸೀಮೆಯವರಿಗೆ ಕೆಂಪು ಧೂಳು ಹೊಸದಲ್ಲ. ಮೆಣಸಿನ ಗಿಡದ ಎಲೆ ಮುಟ್ಟಿದರೆ ಬೆರಳಿಗೆ ಕುಂಕುಮ ಹತ್ತಿದ ಹಾಗೆ ಆಗುತ್ತೆ. ಜೋಳದ ಸೊಪ್ಪೆ ಹಾಕಿದರೆ ಎಮ್ಮೆ ಮೂಸಿ ನೋಡಿ ಮುಖ ತಿರುಗಿಸುತ್ತೆ, ಜಾಡಿಸಿ ಹಾಕಬೇಕು. ಎಲೆ ಮೇಲೆ ಪದರ ಕೂತರೆ ಬಿಸಿಲು ಎಲೆಗೆ ತಾಗಲ್ಲ, ಎಲೆ ಉಸಿರಾಡೋ ಸಣ್ಣ ರಂಧ್ರ ಮುಚ್ಚಿಹೋಗ್ತವೆ. ಧೂಳು ಕೂತ ಗಿಡದಲ್ಲಿ ಜೇಡ ನುಸಿ ಜಾಸ್ತಿ. ಆ ನುಸಿಯನ್ನ ತಿನ್ನೋ ಒಳ್ಳೆ ಹುಳಕ್ಕೆ ಧೂಳು ಆಗಿಬರಲ್ಲ, ಅದಕ್ಕೇ ನುಸಿ ಬೆಳೆಯುತ್ತೆ. ನಾವು ಮತ್ತೆ ಔಷಧಿ ಅಂಗಡಿಗೆ ಓಡ್ತೀವಿ. ಅಂದರೆ ಧೂಳಿನ ಖರ್ಚು ನಮ್ಮ ಲೆಕ್ಕದ ಪುಸ್ತಕದಲ್ಲಿ ಔಷಧಿ ಖರ್ಚು ಅಂತ ಬರೆದುಕೊಂಡು ಕೂತಿರುತ್ತೆ.

ಈಗ ಧೂಳು ಹುಟ್ಟೋದು ಹೇಗೆ ಅಂತ ನೋಡೋಣ. ಕ್ರಷರ್ ಕಲ್ಲು ಒಡೆಯುತ್ತೆ, ಅದಕ್ಕೆ ಧೂಳು ಬರುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಅದು ಅರ್ಧ ಮಾತು. ಒಡೆದಾಗ ಪುಡಿ ಆಗೋದು ನಿಜ. ಆದರೆ ಆ ಪುಡಿ ಎದ್ದು ಹೊರಗೆ ಬರೋಕೆ ಗಾಳಿ ಬೇಕು. ಆ ಗಾಳಿ ಎಲ್ಲಿಂದ ಬರುತ್ತೆ? ಬೀಳೋ ಅದಿರೇ ಅದನ್ನ ಎಳಕೊಂಡು ಬರುತ್ತೆ.

ನಮಗೆ ಗೊತ್ತಿರೋ ವಿಷಯಾನೇ ಇದು. ಖಾಲಿ ಡ್ರಮ್ಮಿಗೆ ಎತ್ತರದಿಂದ ಜೋಳದ ಚೀಲ ಸುರಿದು ನೋಡಿ. ಕಾಳು ಕೆಳಗೆ ಹೋಗ್ತಾ ಇದ್ದ ಹಾಗೆ ಡ್ರಮ್ಮಿನ ಬಾಯಿಂದ ಧೂಳು ಭುಸ್ಸಂತ ಮುಖಕ್ಕೆ ಹೊಡೆಯುತ್ತೆ. ಕಾಳು ತನ್ನ ಜೊತೆ ಗಾಳಿ ಎಳೆದುಕೊಂಡು ಹೋಯ್ತು, ಒಳಗೆ ಜಾಗ ಇಲ್ಲ, ಆ ಗಾಳಿ ಧೂಳು ಹೊತ್ತುಕೊಂಡು ವಾಪಸ್ ಬಂತು. ಅದೇ ಚೀಲವನ್ನ ಡ್ರಮ್ಮಿನ ಅಂಚಿಗೆ ಬಾಯಿ ತಾಗಿಸಿ ಮೆಲ್ಲಗೆ ಬಿಟ್ಟರೆ ಧೂಳು ಕಾಲು ಭಾಗ. ಪ್ಲಾಂಟ್‌ನಲ್ಲೂ ಅಷ್ಟೇ. ಟಿಪ್ಪರ್‌ನಿಂದ ಹಾಪರ್‌ಗೆ ಬೀಳುವಾಗ, ಕ್ರಷರ್ ಬಾಯಿಂದ ಬೆಲ್ಟಿಗೆ ಬೀಳುವಾಗ, ಒಂದು ಬೆಲ್ಟಿಂದ ಇನ್ನೊಂದು ಬೆಲ್ಟಿಗೆ ಬೀಳುವಾಗ, ಜರಡಿ ಮೇಲೆ ಕುಣಿಯುವಾಗ, ಕೊನೆಗೆ ರಾಶಿಗೆ ಬೀಳುವಾಗ, ಪ್ರತಿ ಬೀಳುವಿಕೆಯಲ್ಲೂ ಗಾಳಿ ಎಳೆದುಕೊಂಡು ಹೋಗಿ ಧೂಳು ಸಮೇತ ಹೊರಗೆ ತಳ್ಳುತ್ತೆ. ಎತ್ತರ ಹೆಚ್ಚಾದಷ್ಟೂ ಗಾಳಿ ಹೆಚ್ಚು.

ಹಂಗಾದರೆ ದಾರಿ ಮೂರೇ. ಬೀಳೋ ಎತ್ತರ ಕಡಿಮೆ ಮಾಡು. ಬೀಳೋ ಜಾಗಕ್ಕೆ ಮುಚ್ಚಳ ಹಾಕು. ಮುಚ್ಚಳದೊಳಗೆ ಎಷ್ಟು ಗಾಳಿ ನುಗ್ಗುತ್ತೋ ಅದಕ್ಕಿಂತ ಸ್ವಲ್ಪ ಹೆಚ್ಚು ಗಾಳಿಯನ್ನ ಪೈಪಿನಲ್ಲಿ ಎಳೆದುಕೋ. ಆಗ ಸಂದಿಗೊಂದಿಯಲ್ಲಿ ಗಾಳಿ ಹೊರಗೆ ಬರೋ ಬದಲು ಒಳಗೆ ಹೋಗುತ್ತೆ. ಗಾಳಿ ಒಳಗೆ ಹೋಗ್ತಿದ್ದರೆ ಧೂಳು ಹೊರಗೆ ಬರೋ ಮಾತೇ ಇಲ್ಲ. ಇಷ್ಟೇ ವಿದ್ಯೆ.

ಎಳೆದ ಧೂಳಿನ ಗಾಳಿಯನ್ನ ಏನು ಮಾಡ್ತಾರೆ? ಹಿಟ್ಟಿನ ಗಿರಣಿ ನೆನಪು ಮಾಡ್ಕೊಳ್ಳಿ. ಹಿಟ್ಟು ಬೀಳೋ ಬಾಯಿಗೆ ಉದ್ದಕ್ಕೆ ಬಟ್ಟೆ ತೋಳು ಕಟ್ಟಿರ್ತಾರೆ ನೋಡಿ. ಗಾಳಿ ಬಟ್ಟೆಯಿಂದ ಆಚೆ ಹೋಗುತ್ತೆ, ಹಿಟ್ಟು ಡಬ್ಬಿಗೆ ಬೀಳುತ್ತೆ. ಪ್ಲಾಂಟ್‌ನ ಬ್ಯಾಗ್ ಫಿಲ್ಟರ್ ಅಂದರೆ ಅದೇ ತೋಳು, ನೂರಾರು ಸಾಲಾಗಿ ಒಂದು ತಗಡಿನ ಕೋಣೆಯೊಳಗೆ ನೇತು ಹಾಕಿರ್ತಾರೆ. ಆಗಾಗ ಕಂಪ್ರೆಸರ್ ಗಾಳಿ ಹೊಡೆದು ತೋಳು ಕೊಡವುತ್ತೆ, ಧೂಳು ಕೆಳಗಿನ ಹಾಪರ್‌ಗೆ ಬೀಳುತ್ತೆ, ಶುದ್ಧ ಗಾಳಿ ಚಿಮಣಿಯಿಂದ ಆಚೆ. ಇದೆಲ್ಲಾ ಎಳೆಯೋಕೆ ಒಂದು ದೊಡ್ಡ ಫ್ಯಾನ್.

ಒಂದು ಸಣ್ಣ ಪ್ರಯೋಗ ಮನೆಯಲ್ಲೇ ಮಾಡಿ. ಕೈ ಮುಂದೆ ಚಾಚಿ, ಅಂಗೈ ಮೇಲೆ ಊದಿ. ಗಾಳಿ ತಾಗುತ್ತೆ. ಈಗ ಕೈ ಅಲ್ಲೇ ಇಟ್ಟು ಜೋರಾಗಿ ಉಸಿರು ಎಳಕೊಳ್ಳಿ. ಅಂಗೈಗೆ ಏನೂ ಗೊತ್ತಾಗಲ್ಲ. ಊದಿದ ಗಾಳಿ ದೂರ ಹೋಗುತ್ತೆ, ಎಳೆಯೋ ಗಾಳಿ ಬಾಯಿ ಹತ್ತಿರ ಮಾತ್ರ. ಪೈಪಿನ ಅಗಲ ಒಂದು ಅಡಿ ಇದ್ದರೆ, ಅದರ ಬಾಯಿಂದ ಒಂದೇ ಅಡಿ ಆಚೆ ಎಳೆತದ ವೇಗ ಹತ್ತರಲ್ಲಿ ಒಂದು ಭಾಗಕ್ಕೆ ಇಳಿದುಹೋಗುತ್ತೆ. ಅದಕ್ಕೇ ಬೆಲ್ಟಿನ ಮೇಲೆ ಆಳೆತ್ತರಕ್ಕೆ ಒಂದು ಹುಡ್ ನೇತು ಹಾಕಿ “ನಾವು ಡಸ್ಟ್ ಎಕ್ಸ್‌ಟ್ರಾಕ್ಷನ್ ಹಾಕೀವಿ” ಅಂದರೆ ಅದು ಫೋಟೋಕ್ಕೆ ಹಾಕಿದ್ದು. ಮುಚ್ಚಳ ಬಿಗಿ ಇಲ್ಲದಿದ್ದರೆ ಎಷ್ಟು ಎಚ್‌ಪಿ ಫ್ಯಾನ್ ಹಾಕಿದರೂ ಬಯಲ ಗಾಳಿ ಎಳೆಯುತ್ತೆ ಅಷ್ಟೆ.

“ಅಷ್ಟೆಲ್ಲಾ ಯಾಕಪ್ಪಾ, ನೀರು ಹೊಡೆದರೆ ಧೂಳು ಕೂರಲ್ವಾ?” ಅಂತ ನಮ್ಮ ಚಿಕ್ಕಪ್ಪ ಕೇಳಿದರು. ಕೂರುತ್ತೆ. ದಪ್ಪ ಧೂಳು ಕೂರುತ್ತೆ. ಲಾರಿ ಓಡಾಡೋ ರಸ್ತೆಗೆ, ರಾಶಿಗೆ, ಟಿಪ್ಪರ್ ಸುರಿಯೋ ಜಾಗಕ್ಕೆ ನೀರು ಬೇಕೇ ಬೇಕು, ಅದನ್ನ ಅಲ್ಲಗಳೆಯಲ್ಲ. ಆದರೆ ಕ್ರಷರ್, ಜರಡಿ ಹತ್ತಿರ ನೀರಿಗೆ ಮಿತಿ ಇದೆ. ಅದಿರು ಹೆಚ್ಚು ಒದ್ದೆ ಆದರೆ ಫೈನ್ಸ್ ಜರಡಿ ಕಣ್ಣಿಗೆ ಮೆತ್ತಿಕೊಂಡು ಕೂರುತ್ತೆ, ಚ್ಯೂಟ್ ಕಟ್ಟಿಕೊಳ್ಳುತ್ತೆ. ಕಟ್ಟಿಕೊಂಡರೆ ಪ್ಲಾಂಟ್ ನಿಲ್ಲುತ್ತೆ. ಪ್ಲಾಂಟ್ ನಿಲ್ಲಬಾರದು ಅಂತ ಆಪರೇಟರ್ ಏನು ಮಾಡ್ತಾನೆ? ಸ್ಪ್ರೇ ವಾಲ್ವ್ ತಿರುಗಿಸ್ತಾನೆ. ಅವನ ಜಾಗದಲ್ಲಿ ನಾವಿದ್ದರೂ ಅದೇ ಮಾಡ್ತೀವಿ. ಇನ್ನೊಂದು, ಆ ನೀರು ಯಾರದು? ನಮ್ಮ ಬೋರ್‌ವೆಲ್‌ಗಳು ಇಳಿಯೋ ಅದೇ ನೆಲದ ನೀರು. ಫ್ಯಾನ್ ಗಾಳಿ ತಿನ್ನುತ್ತೆ, ನೀರು ಕುಡಿಯಲ್ಲ.

ಎಲ್ಲಕ್ಕಿಂತ ಮುಖ್ಯ, ಸ್ಪ್ರೇ ಹನಿಗೆ ಸಿಗದೆ ತಪ್ಪಿಸಿಕೊಳ್ಳೋದು ಅತಿ ಸಣ್ಣ ಧೂಳು. ನಮ್ಮ ಎದೆಯೊಳಗೆ ಇಳಿಯೋದೂ ಅದೇ. ಲೆಕ್ಕ ಹಾಕಿ ನೋಡಿದೆ. ಹತ್ತು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ನೂರನೇ ಒಂದು ಭಾಗ. ಅಷ್ಟು ಗಾತ್ರದ ಕಬ್ಬಿಣದ ಅದಿರಿನ ಕಣ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಒಂದೂವರೆ ಸೆಂಟಿಮೀಟರ್ ಇಳಿಯುತ್ತೆ. ಹತ್ತು ಮೀಟರ್ ಎತ್ತರದ ಬೆಲ್ಟಿಂದ ಹೊರಟರೆ ನೆಲ ಮುಟ್ಟೋಕೆ ಹನ್ನೊಂದು ನಿಮಿಷ. ಗಂಟೆಗೆ 10 ಕಿಲೋಮೀಟರ್ ಗಾಳಿ ಬೀಸ್ತಿದ್ದರೆ ಅಷ್ಟರಲ್ಲಿ ಸುಮಾರು 2 ಕಿಲೋಮೀಟರ್ ಬಂದಿರುತ್ತೆ. ಅಂದರೆ ಸೀದಾ ನಮ್ಮ ಹೊಲಕ್ಕೆ. ಒಂದು ಮೈಕ್ರಾನ್ ಕಣ ಇಳಿಯೋದು ಅದಕ್ಕಿಂತ ನೂರು ಪಟ್ಟು ನಿಧಾನ. ಅದು ಇಡೀ ರಾತ್ರಿ ಗಾಳಿಯಲ್ಲೇ ಇರುತ್ತೆ.

ನಮ್ಮ ಗುಡ್ಡದಲ್ಲಿ ಬರೀ ಅದಿರಲ್ಲ, ಪಟ್ಟೆ ಪಟ್ಟೆಯಾಗಿ ಸಿಲಿಕಾ ಕಲ್ಲೂ ಇದೆ. ಆ ಸಿಲಿಕಾ ಪುಡಿ ವರ್ಷಗಟ್ಟಲೆ ಎದೆಗೆ ಹೋದರೆ ಸಿಲಿಕೋಸಿಸ್ ಬರುತ್ತೆ. ಕೋಲಾರದ ಚಿನ್ನದ ಗಣಿ ಕಾರ್ಮಿಕರ ಮನೆಗಳಿಗೆ ಆ ರೋಗದ ಹೆಸರು ಹೊಸದಲ್ಲ. ಬಂದ ಮೇಲೆ ಅದನ್ನ ವಾಸಿ ಮಾಡೋ ಔಷಧಿ ಇಲ್ಲ. ಮೊದಲು ಹೊಡೆತ ತಿನ್ನೋದು ಪ್ಲಾಂಟ್ ಒಳಗೆ ಕೆಲಸ ಮಾಡೋ ನಮ್ಮದೇ ಹುಡುಗರು, ಆಮೇಲೆ ನಾವು. ಮನೆಗೊಂದು ಕೆಲಸ ಕೇಳೋರು ಈ ಮಾತನ್ನೂ ನೆನಪಿಟ್ಟುಕೊಳ್ಳಬೇಕು. ಕೆಲಸ ಸಿಗುತ್ತೆ ಸರಿ, ಯಾವ ಗಾಳಿಯಲ್ಲಿ ಕೆಲಸ?

ಈಗ ನನ್ನ ಅಕ್ಕನ ಮಗನ ವಿಷಯಕ್ಕೆ ಬರ್ತೀನಿ. ಅವನು ಒಂದು ಪ್ಲಾಂಟ್‌ನಲ್ಲಿ ಬೆಲ್ಟ್ ನೋಡಿಕೊಳ್ಳೋ ಕೆಲಸದಲ್ಲಿದ್ದ, ಈಗ ಬಿಟ್ಟಿದ್ದಾನೆ. ಯಾವ ಪ್ಲಾಂಟ್ ಅಂತ ಕೇಳಬೇಡಿ, ಬರೆಯಲ್ಲ. ಎರಡು ವರ್ಷದ ಹಿಂದೆ ಮೆಣಸಿನ ಗಿಡ ಹೂವಿಗೆ ಬಂದಿದ್ದ ಹೊತ್ತು. ಸಾಯಂಕಾಲ ನೋಡಿದರೆ ಎಲೆ ಸುಮಾರಾಗಿ ಇರೋದು, ಬೆಳಿಗ್ಗೆ ಹೋದರೆ ಹೊಸ ಪದರ. ಹಗಲಲ್ಲಿ ಇಲ್ಲದ ಧೂಳು ರಾತ್ರಿ ಎಲ್ಲಿಂದ ಬರುತ್ತೆ ಅಂತ ತಲೆ ಕೆಡಿಸಿಕೊಂಡಿದ್ದೆ. ಒಂದಿನ ಅವನನ್ನೇ ಕೇಳಿದೆ.

“ಮಾಮ, ಫ್ಯಾನ್ ಐತಿ. ರಾತ್ರಿ ಪಾಳಿಯಾಗ ಹಾಕಂಗಿಲ್ಲ.”

“ಯಾಕಪ್ಪಾ?”

“ಕರೆಂಟ್ ಬಿಲ್ ಮಾಮ. ಫ್ಯಾನ್ ಬಂದ್ ಇದ್ದರೂ ಕ್ರಷರ್ ಓಡ್ತೈತಿ, ಟನ್ ಕಡಿಮಿ ಆಗಂಗಿಲ್ಲ. ರಾತ್ರಿ ನೋಡೋರು ಯಾರು?”

ಆಮೇಲೆ ಅವನೇ ಇನ್ನೂ ಹೇಳಿದ. ಬೆಲ್ಟ್ ರಿಪೇರಿಗೆ ಅಂತ ಮುಚ್ಚಳ ತೆಗೆದರೆ ವಾಪಸ್ ಹಾಕೋರಿಲ್ಲ, ಪಕ್ಕಕ್ಕೆ ಒರಗಿಸಿ ಇಟ್ಟಿರ್ತಾರೆ. ತೋಳು ಹರಿದಿದ್ದರೆ ಆ ತೂತಿಗೆ ತಗಡು ಮುಚ್ಚಿಬಿಡ್ತಾರೆ. ಪೈಪಿನಲ್ಲಿ ಅಡ್ಡ ಮಲಗಿದ ಜಾಗದಲ್ಲಿ ಧೂಳು ತುಂಬಿ ಗಟ್ಟಿ ಆಗಿರುತ್ತೆ. ಪೈಪಿನೊಳಗೆ ಗಾಳಿ ಸೆಕೆಂಡಿಗೆ ಹತ್ತಿರ ಹತ್ತಿರ 20 ಮೀಟರ್ ವೇಗದಲ್ಲಿ ಓಡಬೇಕು, ಇಲ್ಲಾಂದರೆ ಭಾರದ ಅದಿರು ಧೂಳು ಕಾಲುವೆಯಲ್ಲಿ ಹೂಳು ತುಂಬಿದ ಹಾಗೆ ಪೈಪಿನಲ್ಲೇ ಕೂತುಬಿಡುತ್ತೆ. ಇನ್ನು ತಮಾಷೆ ಕೇಳಿ: ಹಿಡಿದ ಧೂಳನ್ನ ಫಿಲ್ಟರ್ ಕೆಳಗಿಂದ ಬಯಲಿಗೆ ಸುರಿದು ರಾಶಿ ಹಾಕ್ತಿದ್ದರಂತೆ. ಕಣದಲ್ಲಿ ತೂರಿದ ಹೊಟ್ಟನ್ನ ಮತ್ತೆ ಕಾಳಿನ ರಾಶಿ ಮೇಲೇ ಸುರಿದ ಹಾಗೆ ಅಲ್ವಾ ಇದು?

ಇದನ್ನ ಕೇಳಿ ನನಗೆ ಸಿಟ್ಟಿಗಿಂತ ಒಂದು ವಿಷಯ ಗಟ್ಟಿಯಾಯ್ತು. ನಮ್ಮ ಗಲಾಟೆ ಇಷ್ಟು ದಿನ “ಯಂತ್ರ ಹಾಕಿ” ಅಂತ ಇತ್ತು. ಯಂತ್ರ ಇದೆ. ತಿರುಗ್ತಿಲ್ಲ. ಹಾಕೋದು ಒಂದು ಸಲದ ಖರ್ಚು, ಅದನ್ನ ತೋರಿಸಿ ಅನುಮತಿ ತಗೊಳ್ತಾರೆ. ತಿರುಗಿಸೋದು ದಿನಾ ಖರ್ಚು, ಅದನ್ನ ಕೇಳೋರೇ ಇಲ್ಲ.

ಖರ್ಚು ಎಷ್ಟು ಅಂತ ನಾವೇ ಲೆಕ್ಕ ಹಾಕಬಹುದು. 50 ಎಚ್‌ಪಿ ಫ್ಯಾನ್ ಅಂದುಕೊಳ್ಳಿ, ನಮ್ಮ 5 ಎಚ್‌ಪಿ ಪಂಪ್‌ಸೆಟ್ ಹತ್ತು ಸೇರಿಸಿದ ಹಾಗೆ. ಗಂಟೆಗೆ ಸುಮಾರು 37 ಯೂನಿಟ್. ಹತ್ತು ಗಂಟೆಯ ರಾತ್ರಿ ಪಾಳಿಗೆ 370 ಯೂನಿಟ್. ಆ ಪಾಳಿಯಲ್ಲಿ ಎಷ್ಟು ಟನ್ ಅದಿರು ಒಡೆದು ಲಾರಿ ಹತ್ತಿತು ಅನ್ನೋದರ ಮುಂದೆ ಇಟ್ಟು ನೋಡಿ. ಟನ್ನಿಗೆ ಬರೋದು ಚಿಲ್ಲರೆ ಕಾಸು. ಆ ಚಿಲ್ಲರೆ ಉಳಿಸೋಕೆ ನಮ್ಮ ಮೆಣಸಿನಕಾಯಿ ಬಣ್ಣ ಹೋಗ್ತಿದೆ.

ಇಲ್ಲಿ ಕೆಲವರು ಎದ್ದು ಹೇಳ್ತಾರೆ: “ಏನೋ ಕೇಳೋಕೆ ಹೋಗಿ ಗಣಿ ಮುಚ್ಚಿಸಿಬಿಟ್ಟರೆ?” ಅವರ ಭಯ ಸುಳ್ಳಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಸಾಲ ಮಾಡಿದವರ ಗತಿ ನಾವೆಲ್ಲ ನೋಡಿದ್ದೀವಿ. ಆದರೆ ಅವತ್ತು ನಿಂತಿದ್ದು ಯಾಕೆ? ಧೂಳಿನ ಬಗ್ಗೆ ರೈತ ಬಾಯಿ ಬಿಟ್ಟ ಅಂತ ಅಲ್ಲ. ಗಡಿ ಒತ್ತುವರಿ, ಪರ್ಮಿಟ್ ಇಲ್ಲದ ಸಾಗಾಟ, ಕಾಡು ನುಂಗಿದ್ದು, ಇವೆಲ್ಲ ವರ್ಷಗಟ್ಟಲೆ ನಡೆದರೂ ಯಾರೂ ಸಣ್ಣದಿದ್ದಾಗ ಹಿಡೀಲಿಲ್ಲ ಅಂತ. 2013ರ ಏಪ್ರಿಲ್‌ನ ತೀರ್ಪಿನ ನಂತರ ನಿಯಮದ ಚೌಕಟ್ಟಿನಲ್ಲಿ ಮತ್ತೆ ಗಣಿ ನಡೀತಿದೆ. 2022ರಲ್ಲಿ ಬಳ್ಳಾರಿ ಕಡೆಯ ಗಣಿಗಳಿಗೆ ವರ್ಷಕ್ಕೆ 28 ದಶಲಕ್ಷ ಟನ್ ಇದ್ದ ಮಿತಿಯನ್ನ ಕೋರ್ಟ್ 35ಕ್ಕೆ ಏರಿಸಿತು. ಹೆಚ್ಚು ಅದಿರು ಅಂದರೆ ಹೆಚ್ಚು ಕ್ರಷಿಂಗ್, ಹೆಚ್ಚು ರಾತ್ರಿ ಪಾಳಿ. ನಾನು ಗಣಿ ಮುಚ್ಚಿ ಅಂತಿಲ್ಲ. ಮುಚ್ಚಳ ಮುಚ್ಚಿ ಅಂತಿದ್ದೀನಿ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ನಮ್ಮ ಮೇಲೆ ಬೀಳೋ ಧೂಳೆಲ್ಲಾ ಕ್ರಷರ್‌ದಲ್ಲ. ಮಣ್ಣಿನ ರಸ್ತೆಯಲ್ಲಿ ಓಡೋ ಲಾರಿ, ತಾಡಪಾಲು ಕಟ್ಟದ ಲೋಡು, ಬಯಲ ರಾಶಿ, ಇವುಗಳದ್ದೂ ದೊಡ್ಡ ಪಾಲು. ಫ್ಯಾನ್‌ನಿಂದ ರಸ್ತೆ ಧೂಳು ಹೋಗಲ್ಲ. ಅದಕ್ಕೆ ಡಾಂಬರು, ತಾಡಪಾಲು, ನೀರು ಬೇಕು. ಆದರೆ ರಸ್ತೆ ಧೂಳು ಎಲ್ಲರ ಕಣ್ಣಿಗೂ ಬೀಳುತ್ತೆ, ಅದಕ್ಕೇ ಪಟ್ಟಿಯಲ್ಲಿ ಮೊದಲು ಬರುತ್ತೆ. ಪ್ಲಾಂಟ್ ಧೂಳು ಗೇಟಿನ ಒಳಗೆ, ರಾತ್ರಿ ಹೊತ್ತು, ಕಣ್ಣಿಗೆ ಬೀಳಲ್ಲ. ಅದಕ್ಕೇ ಪಟ್ಟಿಗೆ ಬರಲ್ಲ.

ಹಾಗಾದರೆ ಸಭೆಯಲ್ಲಿ ಏನು ಕೇಳೋಣ? ನಾನು ಬರೆದುಕೊಂಡಿರೋದು ಇಷ್ಟು:

1. ಹಾಪರ್, ಕ್ರಷರ್, ಜರಡಿ, ಪ್ರತಿ ಬೆಲ್ಟ್ ಬದಲಾಗೋ ಜಾಗ, ಇವುಗಳಲ್ಲಿ ಎಷ್ಟಕ್ಕೆ ಮುಚ್ಚಳ ಮತ್ತು ಎಳೆಯೋ ಪೈಪ್ ಇದೆ? ಎಣಿಸಿ ಹೇಳಿ. “ಅಗತ್ಯ ಇರೋ ಕಡೆ” ಅನ್ನೋ ಉತ್ತರ ಬೇಡ.

2. ಫ್ಯಾನ್ ಓಡದೆ ಕ್ರಷರ್ ಶುರು ಆಗದ ಹಾಗೆ ಇಂಟರ್‌ಲಾಕ್ ಹಾಕಿ. ನಮ್ಮ ಮೋಟಾರ್‌ಗೆ ಒಂದು ಫೇಸ್ ಹೋದರೆ ಸ್ಟಾರ್ಟರ್ ಎತ್ತದ ಹಾಗೆ ಪ್ರಿವೆಂಟರ್ ಹಾಕ್ತೀವಲ್ಲ, ಅದೇ ಜಾತಿ ಕೆಲಸ. ದೊಡ್ಡ ಖರ್ಚಲ್ಲ. ನನ್ನ ಪ್ರಕಾರ ಆರರಲ್ಲಿ ಇದೊಂದು ಸಿಕ್ಕರೂ ಅರ್ಧ ಗೆದ್ದ ಹಾಗೆ.

3. ಫ್ಯಾನ್‌ಗೆ ಬೇರೆ ಕರೆಂಟ್ ಮೀಟರ್ ಇಡಿ, ತಿಂಗಳ ಯೂನಿಟ್ ಪಂಚಾಯಿತಿ ಬೋರ್ಡಿಗೆ ಹಚ್ಚಿ. ಕ್ರಷರ್ ಓಡಿದ ಗಂಟೆ, ಫ್ಯಾನ್ ಓಡಿದ ಗಂಟೆ ತಾಳೆ ಆಗಬೇಕು.

4. ಬ್ಯಾಗ್ ಫಿಲ್ಟರ್‌ಗೆ ಒತ್ತಡ ತೋರಿಸೋ ಮೀಟರ್ ಇರುತ್ತೆ. ಸಾಮಾನ್ಯವಾಗಿ 100ರಿಂದ 150 ಮಿಲಿಮೀಟರ್ ನೀರಿನ ಮಟ್ಟದ ಆಸುಪಾಸು ತೋರಿಸುತ್ತೆ. ತೀರಾ ಕಡಿಮೆ ಇದ್ದರೆ ತೋಳು ಹರಿದಿದೆ ಅಥವಾ ಫ್ಯಾನ್ ಎಳೀತಿಲ್ಲ. ತೀರಾ ಹೆಚ್ಚಿದ್ದರೆ ತೋಳು ಕಟ್ಟಿಕೊಂಡಿದೆ. ಆ ಅಂಕಿಯನ್ನ ಪ್ರತಿ ಪಾಳಿಯೂ ಬರೆದಿಡಬೇಕು.

5. ಹಿಡಿದ ಧೂಳು ಎಲ್ಲಿಗೆ ಹೋಗುತ್ತೆ? ಬಯಲಿಗೆ ಸುರಿಯದೆ ಮುಚ್ಚಿದ ದಾರಿಯಲ್ಲೇ ಹೋಗಬೇಕು.

6. ಗಾಳಿ ಅಳೆಯೋ ಯಂತ್ರವನ್ನ ಗೇಟಿನ ಹತ್ತಿರ ಅಲ್ಲ, ಗಾಳಿ ಬೀಸೋ ದಿಕ್ಕಿನಲ್ಲಿರೋ ನಮ್ಮ ಊರಿನಲ್ಲಿ ಇಡಿ, ರಾತ್ರಿಯೂ ಅಳೆಯಿರಿ. ದೇಶದ ಮಾನದಂಡದ ಪ್ರಕಾರ ಹತ್ತು ಮೈಕ್ರಾನ್ ಒಳಗಿನ ಧೂಳು 24 ಗಂಟೆಯ ಸರಾಸರಿಯಲ್ಲಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ ಮೀರಬಾರದು, ವರ್ಷದ ಸರಾಸರಿ 60 ಮೀರಬಾರದು. 2009ರಿಂದ ಇರೋ ನಿಯಮ ಇದು, ಹೊಸದಾಗಿ ಏನೂ ಕೇಳ್ತಿಲ್ಲ.

ಸಭೆಯ ಕ್ರಮವೂ ಗೊತ್ತಿರಲಿ. 2006ರ ಇಐಎ ಅಧಿಸೂಚನೆ ಪ್ರಕಾರ ಸಭೆ ಏರ್ಪಡಿಸೋದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಮೇಲ್ವಿಚಾರಣೆ ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದ ಅಧಿಕಾರಿ. ವಿಡಿಯೋ ಮಾಡಲೇಬೇಕು. ಕೊನೆಯಲ್ಲಿ ನಾವು ಹೇಳಿದ್ದರ ಸಾರಾಂಶವನ್ನ ನಮ್ಮ ಭಾಷೆಯಲ್ಲೇ ಓದಿ ಹೇಳಬೇಕು. ಊಟಕ್ಕೆ ಎದ್ದು ಹೋಗಬೇಡಿ, ಆ ಸಾರಾಂಶ ಓದೋ ತನಕ ಕೂತಿರಿ. “ಧೂಳಿನ ಬಗ್ಗೆ ಕಳವಳ ವ್ಯಕ್ತಪಡಿಸಿದರು” ಅಂತ ಒಂದು ಸಾಲಿನಲ್ಲಿ ಮುಗಿಸಿದರೆ ಎದ್ದು ನಿಂತು, ಇಂಟರ್‌ಲಾಕ್ ಅಂತ ಬರೆಯಿರಿ, ಮೀಟರ್ ಅಂತ ಬರೆಯಿರಿ ಅಂತ ಹೇಳಬೇಕು. ಬಾಯಲ್ಲಿ ಹೇಳೋದರ ಜೊತೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಅನುಮತಿಯ ಷರತ್ತಿನಲ್ಲಿ ಅಚ್ಚಾದ ಮಾತಿಗೆ ಬೆಲೆ, ವೇದಿಕೆ ಮೇಲಿನ ಭರವಸೆಗೆ ಅಲ್ಲ. ಅನುಮತಿ ಸಿಕ್ಕ ಮೇಲೆ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲಿಸಿದ ವರದಿ ಅವರು ಕೊಡಬೇಕು. ಅದು ಸಾರ್ವಜನಿಕ ದಾಖಲೆ, ಅರ್ಜಿ ಹಾಕಿದ ಯಾರಿಗಾದರೂ ಸಿಗಬೇಕು.

ಪ್ಲಾಂಟ್ ತೋರಿಸ್ತೀವಿ ಬನ್ನಿ ಅಂತ ಕರೆದರೆ ಹೋಗಿ. ಒಂದು ಊದಿನಕಡ್ಡಿ ಪೊಟ್ಟಣ ಕೇಳಿಕೊಂಡು, ಒಳಗಿನವರ ಒಪ್ಪಿಗೆ ತಗೊಂಡು ಮುಚ್ಚಳದ ಸಂದಿ ಹತ್ತಿರ ಹಿಡಿಸಿ ನೋಡಿ. ಹೊಗೆ ಒಳಕ್ಕೆ ಹೋದರೆ ವ್ಯವಸ್ಥೆ ಕೆಲಸ ಮಾಡ್ತಿದೆ. ಹೊರಕ್ಕೆ ಬಂದರೆ, ಸ್ಲೈಡು ಹಾಕಿ ಎಷ್ಟು ಹೊತ್ತು ಭಾಷಣ ಮಾಡಿದರೂ ಕೇಳೋ ಅಗತ್ಯ ಇಲ್ಲ. ಒಳಗೆ ಬಿಡದಿದ್ದರೆ ರಾತ್ರಿ ನಮ್ಮ ಹೊಲದ ಬದುವಿನಿಂದಲೇ ನೋಡಬಹುದು. ಪ್ಲಾಂಟ್ ದೀಪದ ಸುತ್ತ ಮಂಜಿನ ಹಾಗೆ ಕೆಂಪು ಕವಿದಿದ್ದರೆ ಫ್ಯಾನ್ ನಿಂತಿದೆ, ಇಲ್ಲಾ ಅದರ ಕೆಲಸ ಕೆಟ್ಟಿದೆ ಅಂತ ಅನುಮಾನ ಪಡಿ. ದಿನಾಂಕ, ಹೊತ್ತು ಬರೆದಿಟ್ಟುಕೊಳ್ಳಿ. ಒಬ್ಬ ಬರೆದರೆ ಜಗಳಗಂಟ ಅಂತಾರೆ, ಹತ್ತು ಹೊಲದವರು ಒಂದೇ ತಾರೀಕು ಬರೆದಿದ್ದರೆ ಅದು ದಾಖಲೆ.

ನನ್ನ ಅಕ್ಕನ ಮಗ ಈಗ ಊರಲ್ಲೇ ಇದ್ದಾನೆ, ನನ್ನ ಜೊತೆ ಮೆಣಸಿನ ಹೊಲ ನೋಡಿಕೊಳ್ತಾನೆ. ಕೆಮ್ಮು ಇನ್ನೂ ಪೂರ್ತಿ ಹೋಗಿಲ್ಲ. ಪರೀಕ್ಷೆ ಮಾಡಿಸ್ತಿದ್ದೀವಿ. ಮೊನ್ನೆ ಈ ಪಟ್ಟಿ ಓದಿ ತೋರಿಸಿದೆ. ಎರಡನೇ ನಂಬರಿಗೆ ಬೆರಳಿಟ್ಟು, “ಮಾಮ, ಇದೊಂದು ಮಾಡಿಸ್ರಿ ಸಾಕು. ಫ್ಯಾನ್ ಹಾಕಲೋ ಬೇಡವೋ ಅಂತ ನಮ್ಮಂಥ ಹುಡುಗರ ಕೈಗೆ ಬಿಡಬ್ಯಾಡ್ರಿ” ಅಂದ.

ಸಭೆಯ ದಿನ ಬೆಳಿಗ್ಗೆ ಹತ್ತಕ್ಕೆ ಗುಡಿ ಹತ್ತಿರ ಸೇರೋಣ. ಪಟ್ಟಿಯ ಪ್ರತಿ ನಾನು ತರ್ತೀನಿ, ಸಹಿ ಹಾಕೋಕೆ ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬನ್ನಿ. ಬೆಳಿಗ್ಗೆ ಎದ್ದು ಧೂಳು ಗುಡಿಸೋರು ಅವರು.